ಇನ್ನೊಂದು ಫ್ರೀಜರ್ ಕೊಳ್ಳುವ ಮುಂಚೆ ಒಂದು ತಿಂಗಳು ಲೆಕ್ಕ ಬರೆದಿಡಿ

ಒಂದಿನ ಸಂಜೆ ತಂಗಿ ಫೋನ್ ಮಾಡಿದಳು. "ಅಕ್ಕಾ, ನಿಮ್ಮನೇಲಿರೋ ಥರ ನಾನೂ ಒಂದು ಡೀಪ್ ಫ್ರೀಜರ್ ತಗೊಳ್ಳಲಾ? ಆಫರ್ ಇದ್ದಾಗ ಒಟ್ಟಿಗೆ ತಂದು ತುಂಬಿಸಿಟ್ಟರೆ ದುಡ್ಡು ಉಳಿಯುತ್ತೆ ಅಲ್ವಾ?" ಹೂಂ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಒಂದು ತಿಂಗಳು ನಾನು ಹೇಳಿದ ಹಾಗೆ ಲೆಕ್ಕ ಬರೆದಿಡು, ಆಮೇಲೆ ಮಾತಾಡೋಣ" ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಗೆ 200 ಲೀಟರಿನ ಪೆಟ್ಟಿಗೆ ಫ್ರೀಜರ್ ಬಂದು ಆರು ವರ್ಷವಾಯಿತು. ನಾವು ಐದು ಜನ. ಮೊದಲ ವರ್ಷ ಅದು ನಮಗೆ ಏನೂ ಉಳಿಸಲಿಲ್ಲ. ಎರಡನೇ ವರ್ಷದಿಂದ ಉಳಿಸತೊಡಗಿತು. ಫ್ರೀಜರ್ ಅದೇ, ಅಂಗಡಿಯೂ ಅದೇ. ಒಳಗೆ ಏನು ಇಡುತ್ತೇವೆ, ಇಟ್ಟಿದ್ದನ್ನು ಎಷ್ಟು ಬೇಗ ತೆಗೆದು ತಿನ್ನುತ್ತೇವೆ ಅನ್ನೋದು ಮಾತ್ರ ಬದಲಾಗಿತ್ತು.

ಮೊದಲ ಕೆಲಸ, ಈಗಿರುವ ಫ್ರಿಜ್ಜಿನ ಫ್ರೀಜರನ್ನು ಪೂರ್ತಿ ಖಾಲಿ ಮಾಡಿ. ನೆಲದ ಮೇಲೆ ಪೇಪರ್ ಹಾಸಿ ಎಲ್ಲವನ್ನೂ ಹೊರಗೆ ಹರಡಿ. ನಾನು ಹೀಗೆ ಮಾಡಿದಾಗ ಅರ್ಧ ಬಳಸಿದ ಬಟಾಣಿಯ ಕವರ್‌ಗಳೇ ಮೂರು ಸಿಕ್ಕವು. ಒಳಗೇನಿದೆ ಅಂತ ಗೊತ್ತಾಗದ ಡಬ್ಬಿಗಳು ಎರಡು. ಗೋಡೆಯ ಮೇಲೆ ಬೆರಳು ದಪ್ಪ ಹಿಮ ಕಟ್ಟಿತ್ತು. ಅದನ್ನು ಕರಗಿಸಿ, ಡಬ್ಬಿಗಳ ಬದಲು ಚಪ್ಪಟೆ ಕವರ್‌ಗಳಿಗೆ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿಟ್ಟಾಗ ಮೂರರಲ್ಲಿ ಒಂದು ಭಾಗ ಜಾಗ ಖಾಲಿ ಉಳಿಯಿತು. ಎಷ್ಟೋ ಮನೆಗಳಿಗೆ ಅಷ್ಟು ಜಾಗ ಸಾಕು. ಅಲ್ಲಿಗೆ ಫ್ರೀಜರ್ ಕೊಳ್ಳುವ ಮಾತೇ ಮುಗಿಯುತ್ತದೆ.

ಸಾಲಲಿಲ್ಲ ಅಂದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಾಲ್ಕು ವಾರ ಬರೆಯಿರಿ. ಕಡಿಮೆ ಬೆಲೆಗೆ ಸಿಗುತ್ತಿತ್ತು, ಜಾಗವಿಲ್ಲ ಅಂತ ಬಿಟ್ಟು ಬಂದದ್ದು ಏನು, ಎಷ್ಟು ಕಿಲೋ, ಕಿಲೋಗೆ ಎಷ್ಟು ವ್ಯತ್ಯಾಸ ಇತ್ತು? ಇದು ಒಂದು. ಫ್ರೀಜರಿನಲ್ಲಿ ಇಟ್ಟಿದ್ದರೆ ಉಳಿಯಬಹುದಾಗಿದ್ದ ಯಾವುದನ್ನು ಎಸೆದಿರಿ? ಇದು ಇನ್ನೊಂದು. ವ್ಯತ್ಯಾಸ ಬರೆಯುವಾಗ ಮಾತ್ರ ಪ್ಯಾಕೆಟ್ ಮೇಲೆ ಹೊಡೆದುಹಾಕಿರುವ ಬೆಲೆ ನೋಡಬೇಡಿ. ನೀವು ಮಾಮೂಲಾಗಿ ಕೊಡುವ ಬೆಲೆ ಎಷ್ಟು ಅಂತ ನೋಡಿ. ಪ್ರತಿ ವಾರವೂ ನೀವು ಆಫರ್ ಇರುವುದನ್ನೇ ಆರಿಸಿ ತರುವವರಾದರೆ, ಫ್ರೀಜರಿನಿಂದ ಹೊಸದಾಗಿ ಉಳಿಯುವುದು ಬಹಳ ಕಮ್ಮಿ.

ಇನ್ನು ಖರ್ಚು. ಬೆಲೆಗಳು ಊರಿಗೊಂದು ಥರ ಇರುತ್ತವೆ. ಅದಕ್ಕೇ ನಾನು ಒಂದು ತಿಂಗಳ ದಿನಸಿ ಖರ್ಚನ್ನು 100 ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ನಮ್ಮ ಫ್ರೀಜರಿನ ಬೆಲೆ ಆ ಅಳತೆಯಲ್ಲಿ 150 ಆಗಿತ್ತು, ಅಂದರೆ ಒಂದೂವರೆ ತಿಂಗಳ ದಿನಸಿ. ಹತ್ತು ವರ್ಷ ಬಾಳಿಕೆ ಅಂತ ಹಿಡಿದರೆ ವರ್ಷಕ್ಕೆ 15. ಕರೆಂಟಿಗೆ 22. ಕವರು, ಡಬ್ಬಿಗೆ 4. ಕೆಟ್ಟು ಎಸೆಯುವುದಕ್ಕೆ 5. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ನೀವು ಬರೆಯಿರಿ. ಒಟ್ಟು 46. ಅಂದರೆ ವರ್ಷಕ್ಕೆ ಸುಮಾರು ಅರ್ಧ ತಿಂಗಳ ದಿನಸಿಯಷ್ಟು ಉಳಿಸಿದ ಮೇಲೆಯೇ ನಮಗೆ ಲಾಭ ಶುರು.

ಈ 46ನ್ನು ನಿಮಗೆ ಸಿಗುವ ರಿಯಾಯಿತಿಯಿಂದ ಭಾಗಿಸಿ. ಒಟ್ಟಿಗೆ ಕೊಂಡಾಗ ಶೇಕಡಾ 15 ಕಮ್ಮಿ ಬೀಳುತ್ತದೆ ಅನ್ನಿ. 46ನ್ನು 0.15ರಿಂದ ಭಾಗಿಸಿದರೆ ಸುಮಾರು 307. ವರ್ಷದ ದಿನಸಿ 1200. ಅದರಲ್ಲಿ ಕಾಲು ಭಾಗ ಆ ಫ್ರೀಜರಿನ ಮೂಲಕವೇ ಹೋಗಬೇಕು, ಅದೂ ಪ್ರತಿ ಸಲ ಅಷ್ಟು ರಿಯಾಯಿತಿಯಲ್ಲಿ. ಆಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ರಿಯಾಯಿತಿ ಶೇಕಡಾ 25 ಇದ್ದರೆ 184 ಸಾಕು. ಶೇಕಡಾ 10 ಮಾತ್ರ ಅಂದರೆ 460 ಬೇಕು. ಅಷ್ಟೊಂದು ಫ್ರೀಜ್ ಮಾಡಿದ ಊಟವನ್ನು ನಮ್ಮ ಮನೆಯಲ್ಲಂತೂ ಯಾರೂ ತಿನ್ನುವುದಿಲ್ಲ.

ಕರೆಂಟಿನ ಲೆಕ್ಕ ಹೀಗೆ. ವರ್ಷಪೂರ್ತಿ ಬಿಡದೆ ಓಡುವ ಒಂದು ವಾಟ್ ಅಂದರೆ ವರ್ಷಕ್ಕೆ 8.76 ಯೂನಿಟ್. ಸರಾಸರಿ 30 ವಾಟ್ ಎಳೆಯುವ ಫ್ರೀಜರು ವರ್ಷಕ್ಕೆ ಸುಮಾರು 263 ಯೂನಿಟ್ ಸುಡುತ್ತದೆ. ಹೊಸ ಫ್ರೀಜರಿನ ಲೇಬಲ್ ಮೇಲೆ ವರ್ಷದ ಯೂನಿಟ್ ಬರೆದಿರುತ್ತಾರೆ. ಆದರೆ ಅದು ಪರೀಕ್ಷೆಯ ಕೋಣೆಯಲ್ಲಿ ಅಳೆದದ್ದು, ನಿಮ್ಮ ಮನೆಯ ಸೆಖೆಯಲ್ಲಿ ಅಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಮೀಟರು ಸಿಗುತ್ತದೆ. ಅದನ್ನು ಹಾಕಿ ಒಂದು ವಾರ ನೋಡಿದೆ. ಒಲೆಯ ಪಕ್ಕದ ಗೋಡೆಗೆ ಇಟ್ಟಿದ್ದಾಗ ವಾರಕ್ಕೆ 5.6 ಯೂನಿಟ್ ಓಡಿತು, ವರ್ಷಕ್ಕೆ ಹಿಡಿದರೆ 291. ಬಿಸಿಲು ಬೀಳದ ಹಿಂದಿನ ಕೋಣೆಗೆ ಎಳೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟ ಮೇಲೆ ವಾರಕ್ಕೆ 4.5. ಸುಮ್ನೆ ಜಾಗ ಬದಲಿಸಿದ್ದಕ್ಕೆ ವರ್ಷಕ್ಕೆ 57 ಯೂನಿಟ್ ಉಳಿಯಿತು! ಮೇಲೆ ಹೇಳಿದ 22 ಈ ಹೊಸ ಜಾಗದ ಲೆಕ್ಕ.

ಈಗ ಮೊದಲ ವರ್ಷದ ಕಥೆ. ಒಂದಿನ ಮೀನು ಶೇಕಡಾ 20 ಕಮ್ಮಿ ಬೆಲೆಗೆ ಸಿಕ್ಕಿತು. ಕೊಬ್ಬು ಜಾಸ್ತಿ ಇರುವ ಮೀನು. ಖುಷಿಯಿಂದ ಆರು ಕಿಲೋ ತಂದೆ. ತಂದ ಕವರಿನಲ್ಲೇ ಫ್ರೀಜರಿನ ತಳಕ್ಕೆ ಇಟ್ಟೆ. ಮೇಲೆ ಬೇರೆ ಸಾಮಾನು ಬಂದು ಕೂತಿತು. ಐದು ತಿಂಗಳಾದ ಮೇಲೆ ತಳದಿಂದ ಎರಡು ಕಿಲೋ ಹೊರಬಂತು. ಅಂಚುಗಳಲ್ಲಿ ಬಿಳಿ ಕಲೆ, ಮುಟ್ಟಿದರೆ ಒಣಗಿದ ಹತ್ತಿಯ ಹಾಗೆ. ಮಾಂಸದ ಮೇಲಿನ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋದರೆ ಹೀಗೆ ಆಗುತ್ತದೆ. ತಿಂದರೆ ತೊಂದರೆ ಏನಿಲ್ಲ, ರುಚಿ ಮಾತ್ರ ಇರುವುದಿಲ್ಲ. ಆದರೆ ಈ ಮೀನಿನ ಕೊಬ್ಬು ಕಮಟು ವಾಸನೆಗೂ ತಿರುಗಿತ್ತು. ಬೇಯಿಸಿದರೂ ಯಾರೂ ಮುಟ್ಟಲಿಲ್ಲ. ಲೆಕ್ಕ ನೋಡಿ. ಆರು ಕಿಲೋಗೆ ನಾನು ಕೊಟ್ಟದ್ದು 4.8 ಕಿಲೋದ ಮಾಮೂಲಿ ಬೆಲೆ. ತಿಂದದ್ದು ನಾಲ್ಕು ಕಿಲೋ. ರಿಯಾಯಿತಿ ಸಿಕ್ಕಿಯೂ 0.8 ಕಿಲೋದಷ್ಟು ಕಳೆದುಕೊಂಡೆ.

ಅವತ್ತಿನಿಂದ ತರುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ವಾರಕ್ಕೆ ಎಷ್ಟು ತಿನ್ನುತ್ತೇವೆ, ಇದು ಎಷ್ಟು ವಾರ ಚೆನ್ನಾಗಿರುತ್ತದೆ? ಎರಡನ್ನೂ ಗುಣಿಸಿದರೆ ಬರುವಷ್ಟೇ ತರಬೇಕು. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹಾಗಾಗಿ ಆಹಾರ ಕೆಡುವುದಿಲ್ಲ. ರುಚಿ ಮಾತ್ರ ನಿಧಾನಕ್ಕೆ ಹೋಗುತ್ತದೆ. ಕೊಬ್ಬಿನ ಮೀನು ಎರಡು ಮೂರು ತಿಂಗಳು, ಕೊಬ್ಬು ಕಮ್ಮಿ ಇರುವ ಮೀನು ಆರು ತಿಂಗಳು ಚೆನ್ನಾಗಿರುತ್ತದೆ. ಕೈಮಾ ಮೂರ್ನಾಲ್ಕು ತಿಂಗಳು, ಕೋಳಿ ತುಂಡು ಒಂಬತ್ತು ತಿಂಗಳು, ಬೇಯಿಸಿದ ಅಡುಗೆ ಎರಡು ಮೂರು ತಿಂಗಳು. ಬ್ರೆಡ್ಡು ಮೂರು ತಿಂಗಳು. ತರಕಾರಿ ಎಂಟರಿಂದ ಹನ್ನೆರಡು ತಿಂಗಳು ಇರುತ್ತದೆ, ಆದರೆ ಹಾಗೇ ಹಸಿಯಾಗಿ ಇಟ್ಟರೆ ಇಲ್ಲ. ಬೀನ್ಸ್ ಆದರೆ ಕುದಿಯುವ ನೀರಿಗೆ ಹಾಕಿ ಮೂರು ನಿಮಿಷ ಬಿಡಿ, ತಕ್ಷಣ ಐಸ್ ನೀರಿಗೆ ಸುರಿಯಿರಿ, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಕವರಿಗೆ ಹಾಕಿ. ಬಟಾಣಿಗೆ ಒಂದೂವರೆ ನಿಮಿಷ ಸಾಕು. ಸೌತೆಕಾಯಿ, ಎಲೆ ಸಲಾಡು, ಬೇಯಿಸಿದ ಮೊಟ್ಟೆ ಯಾವತ್ತೂ ಬೇಡ.

ಈ ಕೆಲಸಕ್ಕೆ ಸಮಯ ಬೇಕು, ಅದನ್ನೂ ಬರೆದುಕೊಳ್ಳಿ. ಐದು ಕಿಲೋ ಬೀನ್ಸ್ ತೊಳೆದು, ಹೆಚ್ಚಿ, ಬೇಯಿಸಿ, ಒಣಗಿಸಲು ನನಗೆ ಭಾನುವಾರದ ಎರಡು ಗಂಟೆ ಹೋಗುತ್ತದೆ. ನನಗೆ ಅದು ಇಷ್ಟದ ಕೆಲಸ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲದಿದ್ದರೆ ಫ್ರೀಜರ್ ತರಬೇಡಿ. ಒಂದೇ ದಿನ ಎಷ್ಟು ಬೇಕಾದರೂ ತುಂಬಿಸಬಹುದು ಅಂತಲೂ ಅಂದುಕೊಳ್ಳಬೇಡಿ. ದಿನಕ್ಕೆ 20ರಿಂದ 30 ಲೀಟರ್ ಜಾಗಕ್ಕೆ ಒಂದು ಕಿಲೋ ಹೊಸ ಸಾಮಾನು, ಅದಕ್ಕಿಂತ ಜಾಸ್ತಿ ಬೇಡ. ತುಂಬಾ ಹಾಕಿದರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮಂಜಿನ ಹರಳು ದೊಡ್ಡದಾಗಿ ಬೆಳೆದು ಒಳಗಿನ ಜೀವಕೋಶಗಳ ಪದರ ಒಡೆಯುತ್ತದೆ. ಕರಗಿಸಿದಾಗ ರಸವೆಲ್ಲ ತಟ್ಟೆಗೆ ಹರಿದುಹೋಗುತ್ತದೆ.

ಅಳತೆಯಲ್ಲಿ ನಾನು ತಪ್ಪಿದೆ. 200 ಲೀಟರಿನಲ್ಲಿ ಹೆಚ್ಚೂಕಮ್ಮಿ 100 ಕಿಲೋ ಹಿಡಿಯುತ್ತದೆ. ನಮ್ಮಲ್ಲಿ ಯಾವತ್ತೂ 40 ಕಿಲೋ ದಾಟಿಲ್ಲ. ಈಗ ಕೊಳ್ಳುವುದಾದರೆ 100 ಲೀಟರಿನದನ್ನೇ ತರುತ್ತಿದ್ದೆ. ನಿಂತಿರುವ ಬೀರುವಿನಂಥದ್ದು ಬೇಕಾ, ಮೇಲೆ ಬಾಗಿಲಿರುವ ಪೆಟ್ಟಿಗೆ ಬೇಕಾ ಅಂದರೆ, ಉಳಿತಾಯವೇ ಮುಖ್ಯ ಅನ್ನುವವರಿಗೆ ಪೆಟ್ಟಿಗೆಯೇ ಸರಿ. ತಣ್ಣನೆಯ ಗಾಳಿ ಭಾರ, ಬಾಗಿಲು ತೆಗೆದರೂ ಒಳಗೇ ಕೂತಿರುತ್ತದೆ. ತಳದ ಸಾಮಾನು ಮರೆತುಹೋಗುವುದು ಅದರ ದೋಷ. ನಾನು ಮುಚ್ಚಳದ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಇಟ್ಟ ತಾರೀಕು, ಏನು, ಎಷ್ಟು ಅಂತ ಬರೆಯುತ್ತೇವೆ, ತೆಗೆದಾಗ ಹೊಡೆದುಹಾಕುತ್ತೇವೆ. ಮಕ್ಕಳೂ ಬರೆಯುತ್ತಾರೆ. ಎರಡನೇ ವರ್ಷದಿಂದ ಲಾಭ ಬಂದದ್ದು ಮುಖ್ಯವಾಗಿ ಆ ಹಾಳೆಯಿಂದ. ಹಳೇ ಫ್ರೀಜರ್ ಕಮ್ಮಿಗೆ ಸಿಗುತ್ತದೆ ಅಂದರೆ ಬಾಗಿಲಿನಲ್ಲಿ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ ಅಂತ ಅರ್ಥ.

ಕರೆಂಟ್ ಹೋದರೆ? ತುಂಬಿದ ಫ್ರೀಜರನ್ನು ತೆರೆಯದೆ ಬಿಟ್ಟರೆ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ನಾನು ಒಂದು ಲೋಟದಲ್ಲಿ ನೀರು ಗಟ್ಟಿಯಾಗಿಸಿ, ಮೇಲೆ ಒಂದು ನಾಣ್ಯ ಇಟ್ಟಿರುತ್ತೇನೆ. ಹೋದ ವರ್ಷ ಮನೆಗೆ ಬೀಗ ಹಾಕಿ ಹತ್ತು ದಿನ ಹೋಗಿದ್ದೆವು. ಬಂದು ನೋಡಿದರೆ ಎಲ್ಲ ಕಲ್ಲಿನ ಹಾಗೆ ಗಟ್ಟಿಯಾಗೇ ಇತ್ತು. ಆದರೆ ನಾಣ್ಯ ಲೋಟದ ತಳದಲ್ಲಿತ್ತು. ನಡುವೆ ಯಾವಾಗಲೋ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ. 15 ಕಿಲೋ ಎಸೆದೆವು. ಆ ವರ್ಷದ ಉಳಿತಾಯ ಅಷ್ಟೂ ಹೋಯಿತು, ಹೊಟ್ಟೆ ಉರಿಯಿತು. ಕರೆಂಟ್ ಮೇಲಿಂದ ಮೇಲೆ ಬಹಳ ಹೊತ್ತು ಹೋಗುವ ಕಡೆ ಇರುವವರು ಕೆಟ್ಟು ಎಸೆಯುವುದಕ್ಕೆ ಅಂತ ನಾನು ಹಾಕಿದ 5ರ ಜಾಗದಲ್ಲಿ 15 ಹಾಕಿ ನೋಡಿ.

ಹಾಗಾದರೆ ಯಾರಿಗೆ ಖಂಡಿತ ಲಾಭ? ಹಿತ್ತಲಲ್ಲಿ ಬೆಳೆದದ್ದು ಒಟ್ಟಿಗೆ ಕೈಗೆ ಬರುವವರಿಗೆ. ಅವರಿಗೆ ಕಿಲೋಗೆ ಉಳಿಯುವುದು ಶೇಕಡಾ 15 ಅಲ್ಲ, ಹೆಚ್ಚುಕಮ್ಮಿ ಪೂರ್ತಿ ಬೆಲೆ. ಅಂಗಡಿ ದೂರ ಇರುವವರಿಗೂ ಸರಿ, ಕಮ್ಮಿಯಾದ ಓಡಾಟದ ಪೆಟ್ರೋಲನ್ನೂ ಅವರು ಉಳಿತಾಯಕ್ಕೆ ಸೇರಿಸಬೇಕು. ಮನೆಯಲ್ಲಿ ಒಬ್ಬರೇ ಇಬ್ಬರೇ ಇದ್ದು ಅಂಗಡಿ ಕಾಲ್ನಡಿಗೆಯಲ್ಲೇ ಇದ್ದರೆ ಬೇಡ.

ತಂಗಿಯ ಒಂದು ತಿಂಗಳ ಲೆಕ್ಕ ಮೊನ್ನೆ ಮುಗಿಯಿತು. ಅವಳಿಗೆ ಸಿಗುವ ರಿಯಾಯಿತಿಗೆ ದಿನಸಿಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಫ್ರೀಜರಿನಿಂದಲೇ ಬರಬೇಕಿತ್ತು. ಎಸೆದದ್ದರಲ್ಲಿ ಜಾಸ್ತಿ ಇದ್ದದ್ದು ಬ್ರೆಡ್ಡು. ಈಗ ಬ್ರೆಡ್ ತಂದ ದಿನವೇ ಅರ್ಧವನ್ನು ಫ್ರಿಜ್ಜಿನ ಮೇಲಿನ ಫ್ರೀಜರಿಗೆ ಹಾಕುತ್ತಾಳೆ, ಬೇಕಾದಷ್ಟೇ ಹೋಳು ತೆಗೆದು ಬಿಸಿ ಮಾಡುತ್ತಾಳೆ. ನೋಟ್‌ಬುಕ್ ಇನ್ನೂ ಬರೆಯುತ್ತಿದ್ದಾಳೆ.