ಮೊದಲು ಮಾತ್ರೆ ಬದಲಿಸಿದೆ, ಆಮೇಲೆ ಬಸಿರಾದೆ

ಹದಿನಾರನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ನನ್ನ ಕೈಯಿಂದ ಚಿಮ್ಮಿ ಗೋಡೆಗೆ ಬಡಿಯಿತು. ಜಾರಿದ್ದಲ್ಲ, ಕೈಯೇ ಬೆಚ್ಚಿಬಿದ್ದು ಎಸೆದಂತಿತ್ತು. ಪರೀಕ್ಷೆಗೆಂದು ರಾತ್ರಿಯಿಡೀ ಓದಿದ ಮರುದಿನ ದೊಡ್ಡ ಫಿಟ್ಸ್ ಬಂದು ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದೆ. ಹರೆಯದಲ್ಲಿ ಶುರುವಾಗುವ ಈ ಬಗೆಯ ಮೂರ್ಛೆರೋಗಕ್ಕೆ ಹೆಚ್ಚಿನವರು ಬಹುಕಾಲ ಔಷಧಿ ತೆಗೆದುಕೊಳ್ಳಬೇಕು. ನನಗೆ ಕೊಟ್ಟದ್ದು ಸೋಡಿಯಂ ವ್ಯಾಲ್ಪ್ರೋಯೇಟ್. ಓದು, ಶಾಲೆಯ ಕೆಲಸ, ಮದುವೆ, ಎಲ್ಲವೂ ಆ ಮಾತ್ರೆಯ ಬಲದ ಮೇಲೆಯೇ ನಡೆದವು.

ಹತ್ತು ವರ್ಷಗಳ ಕಾಲ ಹಳೆಯ ಚೀಟಿಯನ್ನೇ ತೋರಿಸಿ ಮೆಡಿಕಲ್ ಅಂಗಡಿಯಿಂದ ತಂದು ನುಂಗಿದೆ. ಇದಕ್ಕೂ ಬಸಿರಿಗೂ ಇರುವ ಸಂಬಂಧವನ್ನು ನನಗೆ ಯಾರೂ ಹೇಳಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮದುವೆಯಾದ ಮರುವರ್ಷ ಮಗುವಿನ ಮಾತು ಬಂದಾಗ ಅತ್ತೆ ಅಕ್ಕರೆಯಿಂದಲೇ ಹೇಳಿದರು: “ಆ ಮಾತ್ರೆ ಬಿಟ್ಟುಬಿಡಮ್ಮ. ಬಲು ಉಷ್ಣ, ಕೂಸಿಗೆ ಆಗಿಬರುವುದಿಲ್ಲ.” ಅವರ ಅಂಜಿಕೆಯಲ್ಲಿ ನಿಜವಿತ್ತು. ಆದರೆ ಅವರು ಹೇಳಿದ ದಾರಿ ಅಪಾಯದ್ದು. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್‌ಗೆ ದಾರಿಯಾಗಬಹುದು. ಆಗ ತಾಯಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಉಸಿರಿನ ಕೊರತೆ.

ನಾನು, ನಮ್ಮವರು ಇಬ್ಬರೂ ಬೆಂಗಳೂರಿಗೆ ಹೋಗಿ ನರರೋಗ ತಜ್ಞರನ್ನು ಕಂಡೆವು. ಆ ವೈದ್ಯೆ ಏನನ್ನೂ ಮುಚ್ಚಿಡಲಿಲ್ಲ. ಗರ್ಭದಲ್ಲಿ ವ್ಯಾಲ್ಪ್ರೋಯೇಟ್ ತಾಗಿದ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಬೆನ್ನುಹುರಿ, ಹೃದಯ, ತುಟಿ ಇಂಥ ಕಡೆ ದೋಷವಿರುತ್ತದೆ. 30ರಿಂದ 40 ಮಕ್ಕಳಲ್ಲಿ ಮಾತು, ನಡಿಗೆ, ಕಲಿಕೆ ಹಿಂದೆ ಬೀಳುತ್ತವೆ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತೆಂದು ತಿಳಿದು, ಪರೀಕ್ಷೆ ಮಾಡಿಸಿ, ವೈದ್ಯರ ಬಳಿ ಹೋಗುವ ಹೊತ್ತಿಗೆ ಆ ಕೆಲಸ ಮುಗಿದೇಹೋಗಿರುತ್ತದೆ. “ಆದ್ದರಿಂದ ಇನ್ನೂ ಆರು ತಿಂಗಳಾದರೂ ಬಸಿರಾಗಬೇಡಿ,” ಎಂದರು. ಮಗು ಬೇಕೆಂದು ಹೋದವಳಿಗೆ ಆ ಮಾತು ಕಹಿಯಾಯಿತು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ.

ಲೆವಿಟಿರಾಸಿಟಂ ಎಂಬ ಬೇರೆ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ, 250 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಬಾರಿ, ಆರಂಭಿಸಿದರು. ಅದು ಏರಿ ನೆಲೆ ನಿಂತ ಮೇಲಷ್ಟೇ ಹಳೆಯದನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಜೊತೆಗೆ ಫೋಲಿಕ್ ಆಮ್ಲ ಎಂಬ ವಿಟಮಿನ್. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನನಗೆ ಬರೆದದ್ದು 5 ಮಿ.ಗ್ರಾಂ. ಅದನ್ನೂ ಬಸಿರಿಗೆ ಮೊದಲೇ ಶುರುಮಾಡಿದೆ. ಶಾಲೆಯ ಹಾಜರಿ ಪುಸ್ತಕದಂಥ ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ, ಎಷ್ಟು ತಾಸು ನಿದ್ದೆ, ಕೈ ಬೆಚ್ಚಿತೇ. ನಾಲ್ಕನೆಯ ಕಾಲಂ ಖಾಲಿಯಿದ್ದ ದಿನ ನೆಮ್ಮದಿ. ಹೊಸ ಮಾತ್ರೆಯಿಂದ ಮೊದಲ ವಾರಗಳಲ್ಲಿ ಸಿಡುಕು ವಿಪರೀತವಾಯಿತು. ಚಮಚ ಬಿದ್ದ ಸದ್ದಿಗೂ ರೇಗುತ್ತಿದ್ದೆ. ಅದು ಮಾತ್ರೆಯದೇ ಅಡ್ಡಪರಿಣಾಮ ಎಂದು ವೈದ್ಯೆ ಮೊದಲೇ ಹೇಳಿದ್ದರಿಂದ ಮನೆಯವರು ಸಹಿಸಿಕೊಂಡರು. ಆ ತಿಂಗಳುಗಳಲ್ಲಿ ಸ್ಕೂಟರ್ ಮುಟ್ಟಲಿಲ್ಲ. ಒಲೆಯ ಮುಂದೆ ಒಬ್ಬಳೇ ನಿಲ್ಲಲಿಲ್ಲ. ಎರಡು ಬೆಳಿಗ್ಗೆ ಕೈ ಬೆಚ್ಚಿತು, ಪ್ರಮಾಣ ಏರಿಸಿದರು, ನಿಂತಿತು.

ಎಂಟು ತಿಂಗಳ ಬಳಿಕ ಬಸಿರಾದೆ. ಬಸಿರಿನಲ್ಲಿ ಮೈ ಈ ಮಾತ್ರೆಯನ್ನು ಬೇಗ ಹೊರಹಾಕುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಅದಕ್ಕಾಗಿ ನಡುವೆ ಮತ್ತೆ ಪ್ರಮಾಣ ಹೆಚ್ಚಿಸಬೇಕಾಯಿತು. ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಮಾತ್ರೆಯ ಹೆಸರು, ಪ್ರಮಾಣವನ್ನು ಕೆಂಪು ಶಾಯಿಯಲ್ಲಿ ಬರೆಸಿಕೊಂಡೆ. ಬೆನ್ನುನೋವಿಗೆ ಅಂಗಡಿಯವರು ಒಮ್ಮೆ ಐಬುಪ್ರೊಫೇನ್ ಕೊಡಹೋದಾಗ ಆ ಕಾರ್ಡನ್ನೇ ಮುಂದೆ ಹಿಡಿದೆ. ಐದು ತಿಂಗಳು ದಾಟಿದ ಮೇಲೆ ಅದು ಮಗುವಿನ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಂಡೆ. ಸ್ಕ್ಯಾನಿಂಗ್ ದಿನ ಪರದೆಯ ಮೇಲೆ ಮಗುವಿನ ಬೆನ್ನುಮೂಳೆ ಪೋಣಿಸಿದ ಮಣಿಸರದಂತೆ ಕಂಡಿತು. ವೈದ್ಯರು ಮೇಲಿಂದ ಕೆಳಗಿನವರೆಗೆ ಅಳೆದು “ಸರಿಯಾಗಿದೆ” ಎಂದಾಗ ನಮ್ಮವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಹೆರಿಗೆ ಸಹಜವಾಗಿಯೇ ಆಯಿತು. ಫಿಟ್ಸ್ ಇದ್ದ ಮಾತ್ರಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ನನ್ನ ರೋಗಕ್ಕೆ ನಿದ್ದೆಗೆಡುವುದೇ ದೊಡ್ಡ ಶತ್ರು, ಬಾಣಂತನವೆಂದರೆ ನಿದ್ದೆಗೆಡುವುದೇ. ಹೀಗಾಗಿ ರಾತ್ರಿ ಹಾಲು ಕುಡಿಸುವುದಷ್ಟೇ ನನ್ನ ಕೆಲಸ; ತೇಗಿಸುವುದು, ಬಟ್ಟೆ ಬದಲಿಸುವುದು, ತೂಗುವುದು ನಮ್ಮವರದು. ಈ ಮಾತ್ರೆ ತೆಗೆದುಕೊಳ್ಳುತ್ತಲೇ ಎದೆಹಾಲು ಕುಡಿಸಬಹುದು ಎಂದು ವೈದ್ಯೆ ಹೇಳಿದ್ದರು. ಹೆಚ್ಚಿಸಿದ್ದ ಪ್ರಮಾಣವನ್ನು ಅವರೇ ಕೆಲವು ವಾರಗಳಲ್ಲಿ ಇಳಿಸಿದರು. ಮಗುವಿನ ಬಟ್ಟೆ ಬದಲಿಸಬೇಕಾದರೆ ಮಂಚದ ಮೇಲಲ್ಲ, ನೆಲಕ್ಕೆ ಚಾಪೆ ಹಾಸಿಯೇ ಬದಲಿಸುತ್ತಿದ್ದೆ. ಒಬ್ಬಳೇ ಇದ್ದಾಗ ನೀರು ಹಾಕುತ್ತಿರಲಿಲ್ಲ. ಅತ್ತೆ ಪ್ರತಿದಿನ ಬಿಸಿನೀರು ಹದಮಾಡಿ, ಕಾಲು ಚಾಚಿ ಕುಳಿತು ಕೂಸನ್ನು ಮಲಗಿಸಿಕೊಳ್ಳುತ್ತಿದ್ದರು. ನೀರು ಹಾಕಲು ನನ್ನನ್ನು ಕರೆಯುವ ಮೊದಲು ಒಂದೇ ಪ್ರಶ್ನೆ: “ಮಾತ್ರೆ ತೆಗೆದುಕೊಂಡೆಯಾ ತಾಯಿ?”