ಕೈಕೊಡದ ಬಂದೂಕು: ಖಾನಾಪುರದ ಹೊಲಮನೆಗೆ ನಾನು ಆರಿಸಿಕೊಂಡ ಬಗೆ

ಭೀಮಗಡ ವನ್ಯಜೀವಿಧಾಮದ ಅಂಚಿನ ಹಳ್ಳಿಗಳಲ್ಲಿ, ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡವರಿಗೆ ಬಂದೂಕು ಅಂತಸ್ತಿನ ವಸ್ತುವಲ್ಲ. ಭತ್ತಕ್ಕೂ ಕಬ್ಬಿಗೂ ನುಗ್ಗುವ ಕಾಡುಹಂದಿ, ಗೇರುಹಣ್ಣು ಉದುರುವ ದಿನಗಳಲ್ಲಿ ಕಾಲುದಾರಿಯಲ್ಲೇ ಎದುರಾಗುವ ಕರಡಿ, ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದುಹೋದಾಗ ಯಾರೂ ನೆರವಿಗೆ ಬರಲಾಗದ ರಾತ್ರಿಗಳು, ಇವೇ ನಮ್ಮ ತುರ್ತು ಪರಿಸ್ಥಿತಿಗಳು. 2022ರ ಆಗಸ್ಟಿನಲ್ಲಿ ಬೆಳಗಾವಿ ನಗರದ ಗಾಲ್ಫ್ ಮೈದಾನಕ್ಕೇ ಚಿರತೆ ಬಂದು, ಸಕ್ರೆಬೈಲಿನ ಆನೆಗಳನ್ನು ತರಿಸಿ ಹುಡುಕಿದರೂ ಸಿಗದೆ ಹೋದ ಮೇಲೆ ನಗರದ ನೆಂಟರೂ ನಮ್ಮ ಮಾತನ್ನು ಸ್ವಲ್ಪ ಗಂಭೀರವಾಗಿ ಕೇಳತೊಡಗಿದರು.

ಯಾವ ಬಂದೂಕು ನಂಬಿಕೆಗೆ ಯೋಗ್ಯ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಮೊದಲು ಓದಿದ್ದು ಬಂದೂಕುಗಳ ವರ್ಣನೆಯನ್ನಲ್ಲ, ಕಾನೂನನ್ನು. ಕೊಡವರಿಗಿರುವ ಲೈಸನ್ಸಿನ ವಿನಾಯಿತಿ ನಮಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ, ಒಳಗೆ ಸುರುಳಿ ಗೆರೆಗಳಿಲ್ಲದ ನಯವಾದ ನಳಿಗೆಯ ಬಂದೂಕನ್ನು ರಕ್ಷಣೆಗಾಗಿ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ಕಾಯುವುದಕ್ಕಾಗಿ ಎಂದು ಹೆಸರಿಸಿಯೇ ಹೇಳುತ್ತದೆ. 9 ಎಂಎಂ, .303 ಮುಂತಾದವು ನಿಷೇಧಿತ ಬೋರಿಗೆ, ಅಂದರೆ ಸಾಮಾನ್ಯರಿಗೆ ಲೈಸನ್ಸು ಸಿಗದ ನಳಿಗೆಯ ಅಳತೆಗೆ, ಸೇರಿದ್ದರಿಂದ ಅವುಗಳ ಚರ್ಚೆಯೇ ವ್ಯರ್ಥ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ; ಲೈಸನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಅರ್ಜಿಗೆ ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರಗಳ ಜೊತೆಗೆ ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ದಾಖಲೆಯೂ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರವನ್ನು ಕಾಗದಕ್ಕಾಗಿ ಮುಗಿಸುವವರು ಹಲವರು, ಆದರೆ ನನ್ನ ಆಯ್ಕೆಯನ್ನು ನಿರ್ಧರಿಸಿದ್ದೇ ಆ ಮೈದಾನ: ಉಸಿರು ಏರಿದಾಗ ಕೈ ಎಷ್ಟು ಸರಳವಾದ ಕೆಲಸವನ್ನು ಮಾತ್ರ ಸರಿಯಾಗಿ ಮಾಡಬಲ್ಲದು ಎಂಬುದು ಅಲ್ಲಿ ತಿಳಿಯಿತು.

ಬಾಯಿಂದ ಮದ್ದು ತುಂಬುವ ಬಂದೂಕು ಅಗ್ಗ, ರಿಪೇರಿಗೂ ಸುಲಭ. ಆದರೆ ಕಣಕುಂಬಿ, ಜಾಂಬೋಟಿ ಕಡೆಯ ಮಳೆಯಲ್ಲಿ ಕರಿಮದ್ದು ತೇವ ಹೀರಿಕೊಳ್ಳುತ್ತದೆ; ಮೇಲಾಗಿ ಒಂದು ಗುಂಡು ಹಾರಿದ ಬಳಿಕ ಕತ್ತಲಲ್ಲಿ ಮತ್ತೆ ತುಂಬುವುದು ಆಗದ ಮಾತು. ಹಂದಿ ಬೆದರಿಸಲು ಸಾಕು, ಜೀವ ಉಳಿಸಿಕೊಳ್ಳಲು ಸಾಲದು. ಕಾನ್ಪುರದ .32 ರಿವಾಲ್ವರಿನ ಬಗ್ಗೆ ಪೇಟೆಯವರಿಗೆ ಮೋಹ ಹೆಚ್ಚು. ಚಿಕ್ಕ ನಳಿಗೆ, ಹಗುರ ಗುಂಡು, ಬ್ಯಾಟರಿ ಬೆಳಕಿನಲ್ಲಿ ನಡುಗುವ ಕೈ, ಈ ಮೂರೂ ಸೇರಿದರೆ ಕರಡಿಯ ಎದುರು ಅದಕ್ಕೆ ಅರ್ಥವಿಲ್ಲ. .315 ರೈಫಲ್ ನಿಜಕ್ಕೂ ಗಟ್ಟಿ ಆಯುಧ; ಅದರ ಗುಣವೇ ನಮ್ಮಲ್ಲಿ ದೋಷವಾಗುತ್ತದೆ. ಗುರಿ ತಪ್ಪಿದ ಗುಂಡು ಕಿಲೋಮೀಟರಿಗೂ ಮೀರಿ ಹೋಗಬಲ್ಲದು, ಮತ್ತು ನಮ್ಮ ಹೊಲಗಳ ಆಚೆ ಇರುವುದು ಕಾಡಷ್ಟೇ ಅಲ್ಲ, ಬೇರೆಯವರ ಹೊಲಮನೆಗಳೂ ಇವೆ.

ಹೀಗಾಗಿ ಉಳಿದದ್ದು ನಯವಾದ ನಳಿಗೆಯಿಂದ ಗೋಲಿಗಳನ್ನು ಹಾರಿಸುವ 12 ಬೋರ್ ಬಂದೂಕು. ಅದರಲ್ಲಿ ಪಂಪ್ ಆ್ಯಕ್ಷನ್ ಬೇಕೋ ಜೋಡುನಳಿಗೆ ಬೇಕೋ ಎಂಬುದರ ಮೇಲೆ ನಾನು ಬಹಳ ಯೋಚಿಸಿದೆ. ಪಂಪಿನಲ್ಲಿ ಹೆಚ್ಚು ಕಾಡತೂಸು ಹಿಡಿಯುತ್ತದೆ ಎಂಬುದು ನಿಜ. ಆದರೆ ಪ್ರತಿ ಹೊಡೆತದ ಬಳಿಕ ಮುಂಗೈ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದಕ್ಕೆ ತಳ್ಳಬೇಕು. ಗಾಬರಿಯಲ್ಲಿ ಅರ್ಧಕ್ಕೆ ಎಳೆದರೆ ಖಾಲಿ ಕಾಡತೂಸು ಒಳಗೇ ಸಿಕ್ಕಿಕೊಳ್ಳಬಹುದು. ಜೋಡುನಳಿಗೆಯಲ್ಲಿ ಎರಡು ನಳಿಗೆಗಳಿಗೂ ಬೇರೆಬೇರೆ ಸ್ಪ್ರಿಂಗು, ಬೇರೆಬೇರೆ ಪಿನ್ನು ಇರುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಒಂದು ಕಾಡತೂಸು ಹಸಿಯಾಗಿ ಹಾರದಿದ್ದರೆ ಏನನ್ನೂ ಎಳೆಯಬೇಕಿಲ್ಲ, ಬೆರಳು ಎರಡನೆಯ ಟ್ರಿಗರಿಗೆ ಸರಿದರೆ ಆಯಿತು. ಬಂದೂಕನ್ನು ಕೀಲಿನಲ್ಲಿ ಬಾಗಿಸಿ ತೆರೆದು ನೋಡಿದರೆ ತುಂಬಿದೆಯೋ ಖಾಲಿಯೋ ಎಂಬುದು ಕತ್ತಲಲ್ಲಿ ಬೆರಳಿಗೂ ತಿಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಗುಣವಲ್ಲ. ಇನ್ನೊಂದು ಮಾತನ್ನು ಬೆಳಗಾವಿಯ ಹಳೆಯ ರಿಪೇರಿ ಮಿಸ್ತ್ರಿಯೊಬ್ಬರು ಹೇಳಿದರು: "ಕಾಡತೂಸು ಸಿಗಲಿಲ್ಲಂದ್ರ ಬಂದೂಕು ಬರೇ ಬಡಿಗಿ ನೋಡ್ರಿ ಸಾಹೇಬ್ರ." ನಮ್ಮ ಅಂಗಡಿಗಳಲ್ಲಿ ಸಾಧಾರಣವಾಗಿ ಸಿಗುವುದು 12 ಬೋರಿನ ಶಕ್ತಿಮಾನ್ ಕಾಡತೂಸು, ಅದೂ ಪುಣೆ ಪಕ್ಕದ ಖಡಕಿಯ ಕಾರ್ಖಾನೆಯದು. ವಿದೇಶಿ ಅಪರೂಪದ ಬೋರಿನ ಬಂದೂಕು ಎಷ್ಟೇ ಚೆಂದವಿದ್ದರೂ ನಾನು ಅದರ ಹತ್ತಿರ ಸುಳಿಯಲಿಲ್ಲ.

ನಾನು ಕೊಂಡದ್ದು ಒಬ್ಬ ಲೈಸನ್ಸುದಾರರಿಂದ ಡೀಲರ್ ಮೂಲಕ ಬಂದ ಹಳೆಯ ಬಂದೂಕು. ಹಳೆಯದನ್ನು ಪರೀಕ್ಷಿಸುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಕಾಗದದಲ್ಲಿರುವ ನಂಬರೂ ಬಂದೂಕಿನ ಮೇಲಿನ ನಂಬರೂ ಒಂದೇ ಇರಬೇಕು. ಬಳಿಕ ನಳಿಗೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ನೋಡಬೇಕು: ನೆರಳಿನ ಉಂಗುರಗಳು ಒಡೆಯದೆ ದುಂಡಗೆ ಕಂಡರೆ ನಳಿಗೆ ನೇರವಾಗಿದೆ, ಒಂದು ಕಡೆ ಸೊಟ್ಟಗಾದರೆ ತಗ್ಗು ಬಿದ್ದಿದೆ ಎಂದರ್ಥ. ತುಕ್ಕು ತಿಂದ ಗುಳಿಗಳು ಕಾಡತೂಸು ಕೂರುವ ಜಾಗದ ಹತ್ತಿರ ಇದ್ದರೆ ಅಂಥ ಬಂದೂಕು ಬೇಡ, ಏಕೆಂದರೆ ಒತ್ತಡ ಅತಿ ಹೆಚ್ಚಿರುವುದು ಅಲ್ಲಿಯೇ. ಬಿಚ್ಚಿದ ನಳಿಗೆಗಳನ್ನು ಬೆರಳಿಗೆ ತೂಗುಹಾಕಿ ಮೆಲ್ಲಗೆ ತಟ್ಟಿದಾಗ ನಾದ ಹೊರಟರೆ ನಡುವಿನ ಪಟ್ಟಿಯ ಬೆಸುಗೆ ಗಟ್ಟಿ; ಬೋಳು ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಮುಂಗೈ ಮರವನ್ನು ತೆಗೆದು, ಬಂದೂಕನ್ನು ಮುಚ್ಚಿ ಅಲುಗಿಸಿದಾಗ ಕೀಲಿನಲ್ಲಿ ಸಡಿಲು ತಿಳಿಯಬಾರದು. ಬಂದೂಕು ತೆರೆಯುವ ಮೇಲಿನ ಸನ್ನೆ ನಡುಗೆರೆಯ ಬಲಕ್ಕೆ ನಿಂತರೆ ಇನ್ನೂ ಸವೆತಕ್ಕೆ ಅವಕಾಶವಿದೆ, ಎಡಕ್ಕೆ ದಾಟಿದ್ದರೆ ಕೀಲು ದಣಿದಿದೆ. ಸುರುಳಿ ಗೆರೆಗಳ ಡಮಾಸ್ಕಸ್ ನಳಿಗೆ ನೋಡಲು ಸೊಗಸು, ಇಂದಿನ ಮದ್ದಿನ ಕಾಡತೂಸಿಗೆ ಅಪಾಯ.

ಎಲ್ಲಕ್ಕಿಂತ ಮುಖ್ಯವಾದದ್ದು ಕೋಣೆಯ, ಅಂದರೆ ನಳಿಗೆಯಲ್ಲಿ ಕಾಡತೂಸು ಕೂರುವ ಜಾಗದ, ಉದ್ದ. ಹಳೆಯ ಇಂಗ್ಲಿಷ್ ಬಂದೂಕುಗಳು ಬಹುಪಾಲು 65 ಎಂಎಂ ಕಾಡತೂಸಿಗೆ ಮಾಡಿದಂಥವು. 70 ಎಂಎಂ ಎಂಬುದು ಹಾರಿದ ಮೇಲೆ ಬಿಚ್ಚಿಕೊಂಡ ಕಾಡತೂಸಿನ ಉದ್ದ. ತುದಿ ಮಡಿಸಿದ ಹೊಸ ಕಾಡತೂಸು ಅದಕ್ಕಿಂತ ಗಿಡ್ಡವಿರುವುದರಿಂದ ಚಿಕ್ಕ ಕೋಣೆಯಲ್ಲೂ ಸಲೀಸಾಗಿ ಕೂರುತ್ತದೆ, ಹಾರಿಸಿದಾಗ ಮಾತ್ರ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಆದ್ದರಿಂದ ನಳಿಗೆಯ ಅಡಿಯಲ್ಲಿ ಕೆತ್ತಿದ ಅಳತೆಯನ್ನು ಓದದೆ, ಓದಲಾಗದಿದ್ದರೆ ಮಿಸ್ತ್ರಿಯಿಂದ ಅಳೆಸದೆ, ಯಾರೂ ಕಾಡತೂಸು ಕೊಳ್ಳಬಾರದು.

ರಾತ್ರಿಗೆ ನಾನು ಇಟ್ಟುಕೊಳ್ಳುವುದು ಎಸ್‌ಜಿ ಎಂಬ ದಪ್ಪ ಗೋಲಿಯ ಕಾಡತೂಸು: 8.4 ಎಂಎಂ ದಪ್ಪದ ಎಂಟೊಂಬತ್ತು ಗೋಲಿಗಳು. ಮೂವತ್ತು ಮೀಟರಿನ ಆಚೆ ಅದನ್ನು ನಂಬಲಾಗದು. ಹಳೆಯ ಕಾಗದದ ಕಾಡತೂಸು ಮಳೆಗಾಲದಲ್ಲಿ ಉಬ್ಬಿ ಒಳಗೆ ಹೋಗದು, ಹೋದರೆ ಹೊರಬರದು. ಪ್ಲಾಸ್ಟಿಕ್ಕಿನವನ್ನೇ ಕೊಂಡು, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಪುಡಿಕೆಯೊಂದಿಗೆ, ಬಂದೂಕಿನಿಂದ ಬೇರೆ ಬೀಗದಲ್ಲಿ ಇಡುತ್ತೇನೆ. ಮಳೆಗೆ ಮುನ್ನ ಪ್ರತಿ ವರ್ಷ ಹೊಸದನ್ನು ತಂದು, ಹಳೆಯದನ್ನು ಗುರಿ ಅಭ್ಯಾಸಕ್ಕೆ ಖರ್ಚು ಮಾಡುತ್ತೇನೆ. ಟ್ರಿಗರ್ ಒತ್ತಿಯೂ ಹಾರದಿದ್ದರೆ, ಎದುರಿಗೆ ಅಪಾಯವಿಲ್ಲದ ಹೊತ್ತಿನಲ್ಲಿ, ನಳಿಗೆಯನ್ನು ಖಾಲಿ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು; ತಡವಾಗಿ ಹೊತ್ತಿಕೊಳ್ಳುವ ಮದ್ದು ಕೈಯನ್ನೇ ಕಳೆಯಬಲ್ಲದು.

ಲೈಸನ್ಸು ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ಬಂದಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮು ಸದ್ಭಾವನೆಯಿಂದ ಜೀವ ರಕ್ಷಿಸಿಕೊಳ್ಳಲು ಮಾಡಿದ್ದನ್ನು ಅಪರಾಧವೆನ್ನುವುದಿಲ್ಲ. ಆದರೆ ಬೆಳೆ ಹಾಳಾಯಿತೆಂದು ಹೊಡೆಯಲು ಅಧಿಕಾರಿಯ ಅನುಮತಿ ಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಕ್ರಮ ನಿಗದಿಯಾಗಿದೆ: ಮೊದಲು ಬೆಳಕು ಮತ್ತು ಡಬ್ಬಿ ಬಡಿತ, ಅರಣ್ಯ ಇಲಾಖೆಯ 1926ಕ್ಕೆ ಕರೆ, ಒಳಗೆ ಬಂದು ಬಾಗಿಲು ಹಾಕುವುದು, ಬಳಿಕ ಆಕಾಶಕ್ಕಲ್ಲದೆ ಖಾಲಿ ಗುಡ್ಡದ ಮಣ್ಣಿಗೆ ಒಂದು ಬೆದರಿಕೆಯ ಗುಂಡು, ಕೊನೆಗೆ ಮಾತ್ರ ಉಳಿದದ್ದು. ಮೇಲಕ್ಕೆ ಹಾರಿಸಿದ್ದು ಎಲ್ಲಿ ಬೀಳುತ್ತದೆಂದು ಯಾರೂ ಹೇಳಲಾರರು.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಕೊಡುವ ಮುನ್ನ ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಸವರಿ, ಹೊರಗೆ ಒರೆಸಿ, ಸ್ಥಿತಿಯ ಫೋಟೊ ತೆಗೆದು, ರಸೀದಿ ಪಡೆಯುತ್ತೇನೆ. ಮರಳಿ ತಂದ ದಿನವೇ ಬಿಚ್ಚಿ ನಳಿಗೆಯಲ್ಲಿ ಹುಳುವಿನ ಗೂಡೋ ಕಸವೋ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆಯೇ ಅದು ಮತ್ತೆ ತನ್ನ ಬೀಗದೊಳಗೆ ಹೋಗುತ್ತದೆ.