ವಿಮಾನದ ನಿಜವಾದ ವೇಗವನ್ನು ಲೆಕ್ಕಹಾಕುವ ಬಗೆ

ಆಸನದ ಮುಂದಿನ ಪರದೆಯಲ್ಲಿ ಗಂಟೆಗೆ 1,050 ಕಿ.ಮೀ. ಎಂದು ಕಂಡಾಗ, ಅದು ನೆಲಕ್ಕೆ ಹೋಲಿಸಿ ಅಳೆದ ವೇಗ ಎಂಬುದನ್ನು ಮೊದಲು ಗಮನಿಸಬೇಕು. ವಿಮಾನವನ್ನು ಮೇಲೆತ್ತಿ ಹಿಡಿಯುವುದು ಮಾತ್ರ ರೆಕ್ಕೆಗಳು ಸುತ್ತಲಿನ ಗಾಳಿಯಲ್ಲಿ ನುಗ್ಗುವ ವೇಗ. ಆದ್ದರಿಂದ ಅದನ್ನೇ ಕಂಡುಹಿಡಿಯಬೇಕು.

ರೆಕ್ಕೆಯ ಬಾಗಿದ ಆಕಾರ ಮತ್ತು ಅದರ ಸ್ವಲ್ಪ ಮೇಲ್ಮುಖವಾದ ಓರೆಯಿಂದಾಗಿ ಅದರ ಮೇಲೂ ಕೆಳಗೂ ಹರಿಯುವ ಗಾಳಿ ಕೆಳಮುಖವಾಗಿ ತಿರುಗುತ್ತದೆ. ಮೇಲ್ಮೈಯಲ್ಲಿ ಒತ್ತಡ ಕಡಿಮೆಯಾಗಿ, ಕೆಳಗಿನ ಹೆಚ್ಚಿನ ಒತ್ತಡ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ರೆಕ್ಕೆಯ ಮುಂದೆ ಬೇರ್ಪಟ್ಟ ಗಾಳಿ ಹಿಂದೆ ಒಂದೇ ಹೊತ್ತಿಗೆ ಸೇರಬೇಕಾದ್ದರಿಂದ ಮೇಲಿನ ಗಾಳಿ ಬೇಗ ಓಡುತ್ತದೆ ಎಂಬ ವಿವರಣೆ ಹಲವೆಡೆ ಸಿಗುತ್ತದೆ, ಆದರೆ ಅದು ತಪ್ಪು. ಮೇಲಿನ ಗಾಳಿ ವಾಸ್ತವವಾಗಿ ಮೊದಲೇ ಹಿಂದಿನ ಅಂಚನ್ನು ತಲುಪುತ್ತದೆ. ವೇಗ ಇಮ್ಮಡಿಯಾದರೆ ಈ ಎತ್ತುವ ಬಲ ನಾಲ್ಕುಪಟ್ಟಾಗುತ್ತದೆ, ಗಾಳಿಯ ಸಾಂದ್ರತೆ ಅರ್ಧವಾದರೆ ಬಲವೂ ಅರ್ಧವಾಗುತ್ತದೆ. ಸುಮಾರು 11 ಕಿ.ಮೀ. ಎತ್ತರದಲ್ಲಿ ಸಾಂದ್ರತೆ ಸಮುದ್ರಮಟ್ಟದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರುವುದರಿಂದ, ಅದೇ ಭಾರವನ್ನು ಹೊರಲು ಅಲ್ಲಿ ಹೆಚ್ಚು ವೇಗ ಬೇಕು. ತೆಳುವಾದ ಗಾಳಿಯ ಪ್ರತಿರೋಧ ಕಡಿಮೆಯಾದ್ದರಿಂದ ಆ ವೇಗ ದುಬಾರಿಯೂ ಆಗುವುದಿಲ್ಲ.

ಇನ್ನು ಲೆಕ್ಕ. ಹಿಂದಿನಿಂದ ಬೀಸುವ ಗಾಳಿಯ ವೇಗವನ್ನು ಪರದೆಯ ವೇಗದಿಂದ ಕಳೆಯಬೇಕು, ಎದುರುಗಾಳಿಯಾದರೆ ಕೂಡಿಸಬೇಕು. ಗಾಳಿ ಓರೆಯಾಗಿದ್ದರೆ ವಿಮಾನದ ದಿಕ್ಕಿನಲ್ಲಿ ಬರುವ ಅದರ ಪಾಲನ್ನಷ್ಟೇ ಪರಿಗಣಿಸಬೇಕು. ಮೇಲಿನ ಉದಾಹರಣೆಯಲ್ಲಿ ಹಿಂಗಾಳಿ 150 ಕಿ.ಮೀ. ಇದ್ದರೆ ಉಳಿಯುವುದು 900. ಬಳಿಕ ಹೊರಗಿನ ತಾಪಮಾನವನ್ನು ನೋಡಿ ಅದಕ್ಕೆ 273 ಸೇರಿಸಿ, ವರ್ಗಮೂಲ ತೆಗೆದು, 20ರಿಂದ ಗುಣಿಸಿದರೆ ಅಲ್ಲಿನ ಶಬ್ದದ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. ಮೈನಸ್ 56 ಡಿಗ್ರಿ ಸೆಲ್ಸಿಯಸ್‌ಗೆ ಇದು ಸುಮಾರು 295 ಮೀಟರ್, ಅಂದರೆ ಗಂಟೆಗೆ ಸುಮಾರು 1,060 ಕಿ.ಮೀ. 900ನ್ನು 1,060ರಿಂದ ಭಾಗಿಸಿದಾಗ ಬರುವ 0.85 ಎಂಬುದೇ ಮ್ಯಾಕ್ ಸಂಖ್ಯೆ, ಅಂದರೆ ವಿಮಾನದ ವೇಗ ಶಬ್ದದ ವೇಗದ ಎಷ್ಟು ಪಾಲು ಎಂಬುದು. ಪ್ರಯಾಣಿಕ ಜೆಟ್‌ಗಳಲ್ಲಿ ಇದು ಸಾಮಾನ್ಯವಾಗಿ 0.78ರಿಂದ 0.85ರವರೆಗೆ ಇರುತ್ತದೆ, ನಿಮ್ಮ ಉತ್ತರ 1ನ್ನು ದಾಟಿದರೆ ಗಾಳಿಯ ಲೆಕ್ಕವನ್ನು ಮತ್ತೊಮ್ಮೆ ನೋಡಿ.

ಈ ಮಿತಿಗೂ ಕಾರಣವಿದೆ. ವಿಮಾನ ಶಬ್ದದ ವೇಗವನ್ನು ಸಮೀಪಿಸುವ ಮೊದಲೇ ರೆಕ್ಕೆಯ ಮೇಲಿನ ಗಾಳಿ ಅಲ್ಲಲ್ಲಿ ಆ ವೇಗವನ್ನು ಮೀರಿ ಆಘಾತ ತರಂಗಗಳು (ಗಾಳಿಯ ಒತ್ತಡ ಥಟ್ಟನೆ ಏರುವ ಅಲೆಗಳು) ಹುಟ್ಟುತ್ತವೆ, ಪ್ರತಿರೋಧ ಕಡಿದಾಗಿ ಏರುತ್ತದೆ, ಇಂಧನದ ಖರ್ಚು ಕೈಮೀರುತ್ತದೆ. 1947ರಲ್ಲಿ ಅಮೆರಿಕದ ಪೈಲಟ್ ಚಕ್ ಯೇಗರ್ ಬೆಲ್ ಎಕ್ಸ್-1 ಎಂಬ ರಾಕೆಟ್ ವಿಮಾನದಲ್ಲಿ ಶಬ್ದದ ವೇಗವನ್ನು ದಾಟಿದರು. ಶಬ್ದದ ಸುಮಾರು ಎರಡು ಪಟ್ಟು ವೇಗದಲ್ಲಿ 1976ರಿಂದ ಪ್ರಯಾಣಿಕರನ್ನು ಒಯ್ದ ಕಾಂಕಾರ್ಡ್ ವಿಮಾನ 2003ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಜೆಟ್ ವಿಮಾನಗಳಲ್ಲಿ ಅಮೆರಿಕದ ಬೇಹುಗಾರಿಕಾ ವಿಮಾನ ಎಸ್‌ಆರ್-71 1976ರ ಜುಲೈ 28ರಂದು ಗಂಟೆಗೆ ಸುಮಾರು 3,529 ಕಿ.ಮೀ. ವೇಗದ ದಾಖಲೆ ಮಾಡಿತು. ಇಂಥ ನೇರ ಮಾರ್ಗದ ದಾಖಲೆಗಳಿಗೆ ಎರಡೂ ದಿಕ್ಕಿನಲ್ಲಿ ಹಾರಿ ಸರಾಸರಿ ತೆಗೆಯುವುದರಿಂದ ಗಾಳಿಯ ನೆರವು ಲೆಕ್ಕಕ್ಕೆ ಬರುವುದಿಲ್ಲ.